ಬೂದಿಯ ಮೇಲಿನ ಹನಿ

ನಮ್ಮ ಗಲ್ಲಿಯ ಆ ತುದಿಯಲ್ಲಿ ಮೊದಲ ಇಲಿ ಬಿದ್ದ ದಿನವೇ ನಾನು ಕೊಳ್ಳಲೆಂದು ಬಟ್ಟೆಯ ರಾವಟಿ ನೋಡಲು ಹೊರಟೆ.

ಇಲಿ ತಾನಾಗಿ ಬಂದು ಅಂಗಳದಲ್ಲಿ ಸತ್ತು ಬಿದ್ದರೆ ಅದರ ಅರ್ಥವೇನೆಂದು ಬೆಳಗಾವಿಯಲ್ಲಿ ಯಾರಿಗೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಒಂದು ವಾರ, ಹೆಚ್ಚೆಂದರೆ ಎರಡು. ಆಮೇಲೆ ಮನುಷ್ಯರ ಸರದಿ. ಪ್ಲೇಗು ಬಂತೆಂದರೆ ಮನೆಗೆ ಬೀಗ ಹಾಕಿ ಊರ ಹೊರಗೆ ಬಯಲಿನಲ್ಲಿ ಇರುವುದೊಂದೇ ದಾರಿ. ೧೯೨೩ನೆಯ ಇಸವಿಯ ಭಾದ್ರಪದ ಅದು. ದಶಲಕ್ಷಣ ಪರ್ವ ಮುಗಿದು ನಾಲ್ಕು ದಿನವಾಗಿತ್ತು, ಮಳೆ ಮುಗಿದಿರಲಿಲ್ಲ. ನಾನು ಕಲಿಸುತ್ತಿದ್ದ ಶಾಲೆಗೆ ಆ ಮಧ್ಯಾಹ್ನವೇ ರಜೆ ಕೊಟ್ಟರು.

ಹೋಗಲು ನಮಗೆ ಜಾಗವಿತ್ತು. ಖಾನಾಪುರದ ಆಚೆ ಗುಂಜಿಯಲ್ಲಿ, ಅಡವಿಯ ಅಂಚಿಗೆ, ಅಪ್ಪ ಬಿಟ್ಟುಹೋದ ಎರಡೆಕರೆ ಹೊಲ. ಅದನ್ನು ಉಳವಪ್ಪನೆಂಬ ಒಕ್ಕಲಿಗ ನೋಡಿಕೊಳ್ಳುತ್ತಿದ್ದ. ಊರಿನ ಬೇರೆ ಗಲ್ಲಿಗಳಲ್ಲಿ ಇಲಿ ಬೀಳತೊಡಗಿದಾಗಲೇ ಕೇಳಿ ಕಳಿಸಿದ್ದಕ್ಕೆ ಅವನಿಂದ ಉತ್ತರ ಬಂದಿತ್ತು: ‘ಊರೊಳಗ ಬರಬ್ಯಾಡ್ರಿ, ಮಂದಿ ಅಂಜತಾರ. ಹೊಲದಾಗ ಇರ್ರಿ, ಯಾರೂ ಏನೂ ಅನ್ನೂದಿಲ್ಲ.’

ಹೊಲದಲ್ಲಿ ಸೂರಿರಲಿಲ್ಲ. ಅದಕ್ಕಿಂತ ದೊಡ್ಡ ತೊಡಕು ನಮ್ಮ ಅವ್ವ ಅಕ್ಕಾತಾಯಿ. ಅವಳು ಮನೆ ಬಿಡಲು ಒಪ್ಪಲಿಲ್ಲ.

ಏಳು ವರ್ಷದ ಹಿಂದೆ ಇಂಥದೇ ಮಳೆಗಾಲದಲ್ಲಿ ನಾವು ಊರ ಹೊರಗೆ ತಟ್ಟಿಯ ಗುಡಿಸಲಿನಲ್ಲಿದ್ದೆವು. ನನ್ನ ತಮ್ಮ ಧನ್ಯಕುಮಾರನಿಗೆ ನಾಲ್ಕು ವರ್ಷ. ಪ್ಲೇಗು ಅವನನ್ನು ಮುಟ್ಟಲಿಲ್ಲ. ಸೋರುವ ಸೂರಿನಡಿ ನೆಗಡಿಯಾಗಿ, ಎದೆ ಕಟ್ಟಿ, ಮೂರನೆಯ ದಿನಕ್ಕೆ ಹೋದ. ಮನೆಗೆ ಮರಳಿದ ಮೇಲೆ ಆ ಗುಡಿಸಲಿನ ಮಾತನ್ನು ನಮ್ಮಲ್ಲಿ ಯಾರೂ ಎತ್ತಲಿಲ್ಲ. ಎರಡು ವರ್ಷದ ನಂತರ ಅಪ್ಪ ತೀರಿಕೊಂಡಾಗಲೂ ಎತ್ತಲಿಲ್ಲ. ಕೆಲವು ಮನೆಗಳಲ್ಲಿ ತೆರೆಯದ ಕೋಣೆ ಒಂದಿರುತ್ತದಲ್ಲ, ಹಾಗೆ ಅದರ ಮುಂದಿನಿಂದ ಹಾಯ್ದು ಹೋಗುತ್ತಿದ್ದೆವು.

“ಶಾಂತೂ, ನೀ ಹೀರಾನ್ನ ಕರ್ಕೊಂಡು ಹೋಗು. ನಾ ಬರೂದಿಲ್ಲ,” ಅಂದಳು ಅವ್ವ. ಅಕ್ಕಿ ಆರಿಸುತ್ತಿದ್ದವಳು ತಲೆ ಎತ್ತಲಿಲ್ಲ.

“ಅವ್ವನ ಬಿಟ್ಟು ನಾ ಒಂದ ಹೆಜ್ಜಿ ಕಿತ್ತಿಡೂದಿಲ್ಲ,” ಅಂದಳು ಹೀರಾಬಾಯಿ. ನನ್ನ ತಂಗಿಗೆ ಹದಿನಾಲ್ಕು ತುಂಬಿತ್ತು, ಹಟ ಅವ್ವನದೇ.

“ಇಬ್ಬರನ್ನೂ ಬಿಟ್ಟು ನಾ ಹೋಗೂದಿಲ್ಲ. ಅಂದ್ರ ಮೂವರೂ ಇಲ್ಲೇ ಸಾಯೂಣು?” ಅಂದೆ.

ಅವ್ವ ಒಂದು ಕಲ್ಲು ಆರಿಸಿ ಪಕ್ಕಕ್ಕಿಟ್ಟಳು. ಇನ್ನೊಂದು ಆರಿಸಿದಳು. ಮಾತೇ ಮುಗಿಯಿತೆಂದು ನಾನು ಎದ್ದೆ. ಆಗ ಅವಳು ಮೊರವನ್ನು ನೋಡುತ್ತಲೇ ಅಂದಳು: “ಹನಿ ಬೀಳದ ಸೂರ ತೋರಸು. ಬರತೀನಿ. ಒಂದ ಹನಿ ಬಿದ್ರೂ ಇಲ್ಲ.”

ದಂಡಿನವರ ಕ್ಯಾಂಪಿಗೆ ಹೋಗುವ ಹಾದಿಯಲ್ಲಿ ಗುರುಪುತ್ರಪ್ಪನ ಹಳೆ ಸಾಮಾನಿನ ಅಂಗಡಿಯಿತ್ತು. ಹಣೆತುಂಬ ವಿಭೂತಿ, ಬಾಯಿತುಂಬ ಮಾತು.

“ಬರ್ರಿ ಮಾಸ್ತರ, ಕುಂದರ್ರಿ. ಮುಂಜಾನಿಯಿಂದ ನೀವು ಒಂಬತ್ತನೇದವರು. ಇಲಿ ಸತ್ತ್ರ ನನಗ ಗಿರಾಕಿ ಹುಟ್ಟತಾವ. ಹಿಂಗ ಉಣ್ಣೂದು ಪಾಪ ಅನಸತೈತಿ, ಆದ್ರ ಅಂಗಡಿ ಮುಚ್ಚಿದ್ರ ನಿಮಗ ರಾವಟಿ ಕೊಡಾವ್ರ ಯಾರು?”

ನನಗೆ ನಿಲುಕುವ ಬೆಲೆಯಲ್ಲಿ ಅವನ ಬಳಿ ಮೂರು ಇದ್ದವು. ಒಂದು ದೊಡ್ಡ ಗುಂಡು ಡೇರೆ; ಅದನ್ನು ಎತ್ತಿ ನಿಲ್ಲಿಸಲು ಆರು ಜನ ಬೇಕು. ಎರಡನೆಯದು ಹೊಸದು, ಹಾಲಿನಂತೆ ಬಿಳಿ.

“ಇದನ್ನ ಒಯ್ಯಿರಿ. ಹಗರ ಐತಿ, ಚೆಂದ ಐತಿ.”

ಬಟ್ಟೆಯ ಹಿಂದೆ ಕೈ ಹಿಡಿದು ಬೆಳಕಿಗೆ ನೋಡಿದೆ. ಐದು ಬೆರಳೂ ಕಂಡವು. ಮಡಚಿ ಕೊಟ್ಟೆ.

ಮೂರನೆಯದು ನಡುನೆತ್ತಿಯಲ್ಲಿ ಒಂದು ಅಡ್ಡಗೋಲು, ಎರಡು ಕಡೆ ಇಳಿಜಾರಿರುವ ರಾವಟಿ. ಒಂದೇ ಪದರ, ಆದರೆ ದಪ್ಪ ಬಟ್ಟೆ, ಮಣ್ಣಿನ ಬಣ್ಣಕ್ಕೆ ತಿರುಗಿತ್ತು. ಮೂವರು ಮಲಗಿ, ಕಾಲ ಕಡೆ ಪೆಟ್ಟಿಗೆ ಇಡಬಹುದು. ಅಂಗಡಿಯ ಹಿಂದೆ ಅದನ್ನು ನಿಲ್ಲಿಸಿಕೊಂಡು ನಾನು ಒಳಗೆ ಹೋಗಿ, ಎರಡೂ ಬಾಗಿಲ ಸೆರಗು ಇಳಿಬಿಡಿಸಿ, ಕತ್ತಲಲ್ಲಿ ಕುಳಿತೆ. ಕಣ್ಣು ಪಳಗಿದ ಮೇಲೆ ಸೂರಿನಲ್ಲಿ ಚಿಕ್ಕೆಗಳು ಮೂಡತೊಡಗಿದವು.

“ಮಾಸ್ತರ, ನಿದ್ದಿ ಹತ್ತಿತೇನು?” ಹೊರಗಿನಿಂದ ಗುರುಪುತ್ರಪ್ಪ.

“ತೂತು ಎಣಸಾಕತ್ತೀನ್ರಿ.”

“ಎಷ್ಟ ಅದಾವು?”

“ಹನ್ನೊಂದು.”

“ಹನ್ನೊಂದಕ್ಕ ಒಂದ ರೂಪಾಯಿ ಬಿಟ್ಟೆ. ಇನ್ನ ಎಣಸಬ್ಯಾಡ್ರಿ, ಹೊರಗ ಬರ್ರಿ!”

ತೂತಿಲ್ಲದ ಕಡೆ ಬಟ್ಟೆಯನ್ನು ಜೋಳಿಗೆಯ ಹಾಗೆ ಹಿಡಿದು ನಾಲ್ಕು ಕೊಡ ನೀರು ಸುರಿಸಿದೆವು. ಅವನು ಎಲೆಯಡಿಕೆ ಹಾಕಿಕೊಂಡು ಜಗಿದು ಉಗಿಯುವವರೆಗೂ ನೀರು ನಿಂತೇ ಇತ್ತು. ಕೆಳಗೆ ಹಿಡಿದ ನನ್ನ ಅಂಗೈ ಒಣಗಿತ್ತು. ಪಗಾರದ ಅರ್ಧ ಕೊಟ್ಟು ಕೊಂಡೆ.

“ಎರಡ ಮಾತ ನೆನಪಿಡ್ರಿ,” ಅಂದ ಗುರುಪುತ್ರಪ್ಪ, ಈ ಸಲ ನಗದೆ. “ಮಳಿ ಬೀಳುವಾಗ ಒಳಗಿಂದ ಬಟ್ಟಿ ಮುಟ್ಟಬ್ಯಾಡ್ರಿ. ಬೆರಳ ತಾಗಿದಲ್ಲಿ ಹನಿ ಇಳೀತೈತಿ. ಇನ್ನೊಂದು, ಹಗ್ಗ ತೊಯ್ದರ ಗಿಡ್ಡ ಆಗತಾವ. ಮಳಿ ಸುರು ಆತಂದ್ರ ಸಡಲ ಬಿಡ್ರಿ.”

ನಾನು ತಲೆಯಾಡಿಸಿದೆ. ಓದಿದವನಿಗೆ ಇಂಥ ಮಾತು ಬೇಗ ಅರ್ಥವಾಗುತ್ತದೆ, ಬೇಗ ಮರೆತೂ ಹೋಗುತ್ತದೆ.

ಮನೆಯ ಪಡಸಾಲೆಯಲ್ಲಿ ಹಾಸಿದೊಡನೆ ಅವ್ವ ಬಂದು ಬಟ್ಟೆಯ ಅಂಚು ಎತ್ತಿ ಮೂಗಿಗೆ ಹಿಡಿದಳು. ಕೆಳಗಿಟ್ಟಳು. ಹೋಗಿ ಕೈ ತೊಳೆದುಕೊಂಡು ಬಂದಳು.

“ಇದಕ್ಕ ಚರಬಿ ತಿಕ್ಯಾರ.”

ನಾನೂ ಮೂಸಿದೆ. ನಿಜ. ಇದರ ಹಿಂದಿನ ಧಣಿ ಯಾರೋ ನೀರು ನಿಲ್ಲಲೆಂದು ವರ್ಷಗಟ್ಟಲೆ ಪ್ರಾಣಿಯ ಕೊಬ್ಬು ಉಜ್ಜಿದ್ದ. ಅಂಗಡಿಯಲ್ಲಿ ಹಳೆ ಚರ್ಮ, ತುಕ್ಕು, ಸೀಮೆಎಣ್ಣೆಗಳ ನಡುವೆ ಅದು ಗೊತ್ತಾಗಿರಲಿಲ್ಲ.

“ಇದರ ಕೆಳಗ ಅಡಗಿ ಮಾಡ್ಲಿ? ಇದರ ಕೆಳಗ ಕುಂತು ಜಪಾ ಮಾಡ್ಲಿ?” ಅಂದಳು. ಬಯ್ಯಲಿಲ್ಲ. ಕೇಳಿದಳು, ಅಷ್ಟೆ.

ನೀರು ಸೋಸದೆ ಕುಡಿಯದ, ಹೊತ್ತು ಮುಳುಗಿದ ಮೇಲೆ ಉಣ್ಣದ ಜೈನರ ಮನೆ ನಮ್ಮದು. ನನಗೂ ಆ ವಾಸನೆಯ ಕೆಳಗೆ ಮಲಗಲಾಗುತ್ತಿರಲಿಲ್ಲ. “ತೊಳದ ಬಿಡೂಣು,” ಅಂದೆ.

ಮರುದಿನ ಹಿತ್ತಲಲ್ಲಿ ಹಂಡೆ ಇಟ್ಟೆವು. ಸೋಡಾಖಾರ ಹಾಕಿ ಒಮ್ಮೆ, ಅಂಟುವಾಳದ ನೊರೆಯಲ್ಲಿ ಎರಡು ಸಲ, ಕುದಿಕುದಿಯುವ ನೀರಿನಲ್ಲಿ ಬಟ್ಟೆಯನ್ನು ಅದ್ದಿ, ಕೋಲಿನಿಂದ ಬಡಿದು, ಹಿಂಡಿದೆವು. ಮೇಲೆ ಹಳದಿ ಜಿಡ್ಡು ತೇಲಿತು. ನನ್ನ ಅಂಗೈಗಳಲ್ಲಿ ಬೊಬ್ಬೆ ಎದ್ದವು. ಮಧ್ಯಾಹ್ನದ ಬಿಸಿಲಿಗೆ ಒಣಗಿದ ಮೇಲೆ ಹೀರಾ ಅಪ್ಪನ ಹಳೆಯ ಛತ್ರಿಯ ಬಟ್ಟೆ ಕತ್ತರಿಸಿ ಹನ್ನೊಂದು ತೂತಿಗೂ ಕರಿ ತೇಪೆ ಹಾಕಿದಳು. ಅವ್ವ ಮತ್ತೆ ಮೂಸಿ ನೋಡಿದಳು. ಈ ಸಲ ಕೈ ತೊಳೆಯಲು ಹೋಗಲಿಲ್ಲ. ನಾನು ಗೆದ್ದೆನೆಂದುಕೊಂಡೆ.

ಹಿತ್ತಲಲ್ಲಿ ರಾವಟಿ ನಿಲ್ಲಿಸಿ, ಹಗ್ಗಗಳನ್ನು ತಂತಿಯ ಹಾಗೆ ಬಿಗಿದೆ. ಅವ್ವ ಒಲೆಯ ಬೂದಿಯನ್ನು ಹಿಟ್ಟಿನ ಜರಡಿಯಲ್ಲಿ ಸೋಸಿಕೊಂಡು ಬಂದು, ಒಳಗೆ ಹಾಸಿದ ಚಾಪೆಯ ಮೇಲೆ ತೆಳ್ಳಗೆ ಹರವಿದಳು. ಅಂಗೈಯಿಂದ ಸವರಿ ಸವರಿ ಕನ್ನಡಿಯಷ್ಟು ನುಣುಪು ಮಾಡಿದಳು.

“ಇದ್ಯಾಕವ್ವ?” ಅಂದಳು ಹೀರಾ.

“ಮನಷಾ ಹನಿ ಬಿದ್ದಿಲ್ಲ ಅಂತ ಸುಳ್ಳ ಹೇಳಬಹುದು. ಬೂದಿ ಹೇಳೂದಿಲ್ಲ.”

ಸಂಜೆ ಮಳೆ ಬಂತು. ನಾವು ಅಡಿಗೆ ಮನೆಯ ಬಾಗಿಲಲ್ಲಿ ನಿಂತು ನೋಡುತ್ತಿದ್ದೆವು. ಕಾಲು ಗಂಟೆಯಲ್ಲಿ ಹಗ್ಗಗಳು ನೆನೆದು ಜಗ್ಗತೊಡಗಿದವು. ಸಡಿಲ ಬಿಡಬೇಕೆಂಬುದು ನನಗೆ ನೆನಪಾಗುವಷ್ಟರಲ್ಲಿ ಒಂದು ಗೂಟ ಕಿತ್ತು ಚಿಮ್ಮಿ, ತುಳಸಿಕಟ್ಟೆಗೆ ಬಡಿಯಿತು. ರಾವಟಿಯ ಒಂದು ಮೂಲೆ ಕುಸಿಯಿತು. ಮಳೆ ನಿಂತಾಗ ಅವ್ವ ಮೊದಲು ಒಳಗೆ ಬಗ್ಗಿದಳು. ಅವಳ ಹೆಗಲ ಮೇಲಿಂದ ನಾನು ನೋಡಿದೆ. ಬೂದಿ ಮೈಲಿಬೇನೆ ಬಂದು ಹೋದ ಮುಖದ ಹಾಗಿತ್ತು. ಕುಸಿಯದ ಕಡೆಯೂ ಹಾಗೇ ಇತ್ತು. ಎಣಿಸುವಂತಿರಲಿಲ್ಲ.

ಅವಳು ಹೊರಗೆ ಬಂದು ನನ್ನ ಮುಖ ನೋಡದೆ ಒಳಗೆ ಹೋದಳು. ಸಿಟ್ಟಾಗಿದ್ದರೆ ನನಗೆ ಹಗುರವಾಗುತ್ತಿತ್ತು.

ಆ ರಾತ್ರಿ ನಮ್ಮ ಮನೆಯಿಂದ ಐದನೆಯ ಮನೆಯಲ್ಲಿ ಇಲಿ ಬಿತ್ತು.

“ತೊಳದ್ರಿ?” ಮರುದಿನ ನಾನು ಅಂಗಡಿಗೆ ಹೋಗಿ ನಡೆದದ್ದು ಹೇಳಿದಾಗ ಗುರುಪುತ್ರಪ್ಪ ಎರಡೂ ಕೈ ತಲೆಯ ಮೇಲಿಟ್ಟುಕೊಂಡ. “ಅಲ್ರೀ ಮಾಸ್ತರ, ಯಾವನೋ ಪುಣ್ಯಾತ್ಮ ಹತ್ತ ವರ್ಷ ತಿಕ್ಕಿ ತಿಕ್ಕಿ ಕೂಡಿಸಿದ್ದನ್ನ ನೀವು ಒಂದ ದಿನದಾಗ ತಗದ ಚೆಲ್ಲಿದ್ರಿ? ನಾ ಕೊಟ್ಟದ್ದು ರಾವಟಿ. ಈಗ ನಿಮ್ಮ ಹತ್ರ ಇರೂದು ಧೋತರ!”

“ಚರಬಿ ಬಿಟ್ಟು ಬ್ಯಾರೆ ಏನ ಹಚ್ಚಬಹುದು, ಹೇಳ್ರಿ.”

“ಜೇನಮೇಣ ಹಚ್ಚರಿ.”

“ಅದೂ ನಮಗ ಆಗೂದಿಲ್ಲ.”

“ಅಗಸಿ ಎಣ್ಣಿ?”

“ಅದು ಆಗತೈತಿ.”

“ನಿಮಗ ಆಗತೈತಿ, ಮಳಿಗೆ ಆಗೂದಿಲ್ಲ. ಈ ಹವಾದಾಗ ಎಣ್ಣಿ ಒಣಗಾಕ ಒಂದ ತಿಂಗಳ ಬೇಕು. ಇಲಿಗೊಳಿಗೆ ತಡೀರಿ ಅಂತ ಹೇಳತೀರೇನು?”

ಹೊಸದೊಂದು ಕೊಳ್ಳುವಷ್ಟು ಶಕ್ತಿ ನನ್ನಲ್ಲಿ ಉಳಿದಿರಲಿಲ್ಲ. ಬರಿಗೈಲಿ ಮನೆಗೆ ಬಂದು, ಗೋಡೆಗೊರಗಿ, ಹಸಿಯಾಗಿಯೇ ಬಿದ್ದಿದ್ದ ಬಟ್ಟೆಯ ಗಂಟನ್ನು ನೋಡುತ್ತ ಕುಳಿತೆ. ಇದನ್ನು ಇಲ್ಲಿಗೆ ಬಿಡುವುದಿಲ್ಲ ಎಂಬುದೊಂದು ಗೊತ್ತಿತ್ತು. ಮುಂದಿನದು ಗೊತ್ತಿರಲಿಲ್ಲ. ಅವ್ವ ನನ್ನ ಮುಂದೆ ತಾಟು ಇಟ್ಟು, ರೊಟ್ಟಿ ಬಡಿಸಿ, ಒಲೆಯ ಕಡೆ ತಿರುಗಿಕೊಂಡು ಅಂದಳು:

“ಹ್ವಾದ ವರ್ಷ ಶಹಾಪುರದ ಸತ್ಯಪ್ಪ ಹೀರಾಗ ಅಂತ ಬಣ್ಣಕ್ಕ ಕೊಟ್ಟ ನನ್ನ ಬಿಳಿ ಸೀರಿ ಕೆಡಿಸಿದ್ದ, ನೆನಪೈತೇನು?”

“ಬಣ್ಣಾ ಹತ್ತಲಿಲ್ಲ ಅಂತ ಜಗಳಾಡಿದ್ದಿ.”

“ಬಣ್ಣಾ ಹತ್ತೂದ ಬಿಡು. ತೊಯ್ಸಾಕ ನೀರ ಹಾಕಿದ್ರ, ಕೆಸುವಿನ ಎಲಿ ಮ್ಯಾಲ ಉರುಳಿದ್ಹಂಗ ಉರುಳಿ ಬಿತ್ತು. ಅಂವ ಏನ ಮಾಡಿದ್ದ ಅಂತ ಕೇಳಿ ಬಾ.”

ರೊಟ್ಟಿಯ ತುಂಡು ಕೈಯಲ್ಲೇ ಉಳಿಯಿತು. ಬರುವುದಿಲ್ಲ ಎಂದವಳೇ ದಾರಿ ಹೇಳುತ್ತಿದ್ದಳು. ಅದನ್ನು ಗಮನಿಸಿದಂತೆ ತೋರಿಸಿಕೊಂಡರೆ ಅವಳು ಮಾತು ಹಿಂದಕ್ಕೆ ತೆಗೆದುಕೊಳ್ಳಬಹುದೆಂದು ನಾನು ಸುಮ್ಮನೆ ಊಟ ಮುಗಿಸಿ ಎದ್ದೆ.

ಸತ್ಯಪ್ಪ ಬಣ್ಣಗಾರ; ಅವನ ಶಹಾಪುರ ಬೆಳಗಾವಿಗೆ ಅಂಟಿಕೊಂಡೇ ಇದ್ದ ಪೇಟೆ. ಮೊಣಕೈಯವರೆಗೆ ನೀಲಿ, ಉಗುರುಗಳಲ್ಲಿ ಕೆಂಪು. ನನ್ನನ್ನು ಕಂಡೊಡನೆ ಅವನ ಮುಖ ಇಳಿಯಿತು.

“ಆ ಸೀರಿ ಮಾತ ಇನ್ನೂ ಬಿಟ್ಟಿಲ್ಲೇನ್ರಿ ನಿಮ್ಮ ತಾಯಿಯವರು?”

“ಸೀರಿ ಬ್ಯಾಡ. ಅದನ್ನ ಹೆಂಗ ಕೆಡಿಸಿದಿ ಅಂತ ಹೇಳು, ಸಾಕು.”

ಅವನು ನನ್ನನ್ನು ಅನುಮಾನದಿಂದ ನೋಡಿದ. ನಾನು ಸುಳ್ಳು ನಗೆ ನಗದೆ ನಡೆದದ್ದೆಲ್ಲ ಹೇಳಿದೆ.

“ಕೇಳ್ರಿ,” ಅಂದ, ದನಿ ತಗ್ಗಿಸಿ. “ಬಣ್ಣಾ ಹಿಡೀಬೇಕಂದ್ರ ಅರಿವಿಗೆ ಮದಲ ಪಟಕದ ನೀರ, ಅದೇ ಕೆಸರ ನೀರ ತಿಳಿ ಮಾಡೂ ಬಿಳಿ ಕಲ್ಲಿನ ನೀರ, ಉಣಸಬೇಕು. ಅದಕ್ಕೂ ಮದಲ ಸಾಬೂನಿಲೆ ಒಗದು, ಸಾಬೂನ ಎಲ್ಲಾ ಹೋಗೂಹಂಗ ಜಾಲಾಡಸಬೇಕು. ಆವತ್ತ ನಾ ಜಾಲಾಡಸಲಿಲ್ಲ. ಮಗಳ ಲಗ್ನದ ಗಡಿಬಿಡಿ ಇತ್ತು. ಸಾಬೂನು ಪಟಕಾ ಕೂಡಿ ಎಳಿ ಎಳಿಯೊಳಗ ಮಸರಿನಂಗ ಹೆಪ್ಪುಗಟ್ಟಿದ್ವು. ಆ ಮ್ಯಾಲ ಬಣ್ಣಾನೂ ಒಳಗ ಹೋಗೂದಿಲ್ಲ, ನೀರೂ ಹೋಗೂದಿಲ್ಲ. ಬಣ್ಣಗಾರಗ ಇದಕ್ಕಿಂತ ನಾಚಿಕಿ ತಪ್ಪು ಇನ್ನೊಂದಿಲ್ರಿ.”

“ಅದೇ ತಪ್ಪು ಇನ್ನೊಮ್ಮಿ ಮಾಡು. ದೊಡ್ಡದಾಗಿ ಮಾಡು.”

ಅವನು ನಗಲಾರಂಭಿಸಿದ, ನಗು ನಿಲ್ಲಲು ಹೊತ್ತು ಹಿಡಿಯಿತು. “ನಲವತ್ತ ವರ್ಷದಾಗ ನನ್ನ ತಪ್ಪ ಹುಡುಕ್ಕೊಂಡು ಬಂದ ಗಿರಾಕಿ ನೀವೊಬ್ಬರಽ ನೋಡ್ರಿ. ತರ್ರಿ ಆ ಅರಿವಿ.”

ಅವ್ವ ಒಂದು ಪ್ರಶ್ನೆ ಕೇಳಿ ಕಳಿಸಿದ್ದಳು: ಸಾಬೂನು ಯಾತರದು? ಔಡಲ ಎಣ್ಣೆಗೆ ಕ್ಷಾರ ಹಾಕಿ ತಾನೇ ಕುದಿಸಿದ್ದು ಎಂದ ಸತ್ಯಪ್ಪ. ಬಿಸಿ ಸಾಬೂನಿನ ನೀರಿನಲ್ಲಿ ರಾವಟಿಯನ್ನು ಮುಳುಗಿಸಿ, ಜಾಲಾಡಿಸದೆ ಹಾಗೇ ಹಿಂಡಿ, ಪಟಕ ಕರಗಿಸಿದ ತೊಟ್ಟಿಗೆ ಇಳಿಸಿದೆವು. ಎಳೆಗಳ ನಡುವೆ ಬೆಳ್ಳಗೆ ಏನೋ ಕಟ್ಟಿಕೊಂಡಿತು. ಅವನ ಬಣ್ಣದ ಸೀರೆಗಳ ಸಾಲಿನಲ್ಲಿ ನಮ್ಮ ಮಣ್ಣುಬಣ್ಣದ ಬಟ್ಟೆ, ಕರಿ ತೇಪೆಗಳ ಸಮೇತ, ಎರಡು ದಿನ ತೂಗಾಡಿತು. ಮೋಡ ಕಂಡಾಗಲೆಲ್ಲ ನಾನು ಶಹಾಪುರಕ್ಕೆ ಓಡಿ ಅದನ್ನು ಒಳಗೆಳೆದು, ಬಿಸಿಲು ಬಂದರೆ ಮತ್ತೆ ಹರವಿದೆ. ಎರಡನೆಯ ದಿನ ನಮ್ಮ ಗಲ್ಲಿಯ ತುದಿಯ ಮನೆಯಲ್ಲಿ ಒಬ್ಬನಿಗೆ ಜ್ವರ ಬಂದಿದೆ, ತೊಡೆಸಂದಿಯಲ್ಲಿ ಗಂಟು ಎದ್ದಿದೆ ಎಂದು ಕೇಳಿದೆ. ಮೂರು ಮನೆಗಳಿಗೆ ಆಗಲೇ ಬೀಗ ಬಿದ್ದಿತ್ತು.

ರಾವಟಿ ಹೊತ್ತು ಮನೆಗೆ ಬಂದಾಗ ಹೀರಾ ಕೊಡ ಹಿಡಿದು ಸಿದ್ಧಳಾಗಿ ನಿಂತಿದ್ದಳು. ಹಿತ್ತಲಲ್ಲಿ ನೀರು ಸುರಿದು ನೋಡೋಣವೆಂದು ನಮ್ಮ ವಿಚಾರ. ಅವ್ವ ತಡೆದಳು.

“ಕೊಡದ ನೀರ ಮಳಿ ಅಲ್ಲ. ಗುಂಜಿ ಮಳಿ ಬ್ಯಾರೆ. ಅಲ್ಲೇ ಹೋಗಿ ನೋಡೂಣು. ಮುಂಜಾನಿ ಗಾಡಿಗೆ ಹೋಗಿ, ಹನಿ ಬಿದ್ರ ಸಂಜಿ ಗಾಡಿಗೆ ತಿರುಗಿ ಬರೂದು.”

ಹೀರಾ ನನ್ನ ಕಡೆ ನೋಡಿದಳು. ನಾನು ಹಗ್ಗ ಸುತ್ತುತ್ತ ಕುಳಿತೆ.

ಬೆಳಗಿನ ರೈಲುಗಾಡಿಗೆ ಹೊರಟಾಗ ಅವ್ವನ ಗಂಟು ನಾನೇ ಎತ್ತಿಕೊಂಡೆ. ಒಂದು ದಿನಕ್ಕೆ ಅದು ಭಾರವಾಗಿತ್ತು. ಕೇಳಲಿಲ್ಲ. ಬೂದಿಯ ಡಬ್ಬಿಯನ್ನು ಮಾತ್ರ ಅವಳು ತಾನೇ ಮಡಿಲಲ್ಲಿಟ್ಟುಕೊಂಡಳು.

ಖಾನಾಪುರ ಸ್ಟೇಷನ್ನಿನಲ್ಲಿ ಪೇರಲ ಮಾರುವವಳೊಬ್ಬಳು ನಮ್ಮ ರೈಲುಡಬ್ಬಿಯ ಕಿಟಕಿಯ ಮುಂದೆ ಬುಟ್ಟಿ ಇಳಿಸಿದಳು. ಹೀರಾ ಕೈಚಾಚಿದಳು.

“ಎಲ್ಲಿಂದ ಬಂದ್ರಿ?”

“ಬೆಳಗಾವಿಯಿಂದ.”

ಅವಳು ಬುಟ್ಟಿಯನ್ನು ತಲೆಯ ಮೇಲೆತ್ತಿಕೊಂಡು ಎರಡು ಹೆಜ್ಜೆ ಹಿಂದೆ ಸರಿದಳು. ಆಮೇಲೆ ಏನನ್ನಿಸಿತೋ, ಎರಡು ಹಣ್ಣು ತೆಗೆದು ದೂರದಿಂದಲೇ ಹೀರಾಳ ಮಡಿಲಿಗೆ ಎಸೆದು, ದುಡ್ಡು ಬೇಡವೆಂದು ಕೈಯಾಡಿಸಿ ಹೋದಳು. ಅವ್ವ ಬಹಳ ಹೊತ್ತು ಆ ಹಣ್ಣುಗಳನ್ನು ನೋಡಿದಳು. ಹೀರಾ ತಿನ್ನಲಿಲ್ಲ.

ಗುಂಜಿಯಲ್ಲಿ ಉಳವಪ್ಪ ಹಾರೆ, ಸಲಿಕೆ ಹಿಡಿದು ಹೊಲದ ಬದುವಿನ ಮೇಲೆ ಕಾಯುತ್ತಿದ್ದ. ಮಾರು ದೂರದಲ್ಲಿ ನಿಂತೇ ಕೈ ಮುಗಿದ.

“ಬರ್ರಿ ಅಕ್ಕಾರ. ಬಾಳ ಸೊರಗೀರಿ. ಜಾಗಾ ನೋಡೀನಿ, ಈ ಮಾವಿನ ಗಿಡದ ಬಾಜು. ರಾವಟಿ ಸುತ್ತ ಒಂದ ಗೇಣ ಕಾಲುವಿ ತೋಡಿ ಬಿಡತೀನಿ, ಮಳಿ ನೀರ ಒಳಗ ಬರೂದಿಲ್ಲ.”

ಅವನು ಮೊದಲ ಸಲಿಕೆ ಎತ್ತಿದ. ಹಸಿ ಮಣ್ಣಿನ ಹೆಂಟೆಯ ಜೊತೆಗೆ ಎರೆಹುಳುಗಳು ಹೊರಳಿಕೊಂಡು ಬಂದವು. ಒಂದು ಎರಡು ತುಂಡಾಗಿತ್ತು.

“ನಿಲ್ಲಸು ಉಳವಪ್ಪ,” ಅಂದಳು ಅವ್ವ. “ಚಾತುರ್ಮಾಸದಾಗ ಇಷ್ಟ ಜೀವಾ ಕಡದು ನಾವು ಜೀವಾ ಉಳಿಸ್ಕೊಳ್ಳೂದು ಬ್ಯಾಡ.”

“ಕಾಲುವಿ ತೋಡದಿದ್ರ ಹಾಸಗಿ ತೇಲತಾವ್ರಿ!”

“ತೇಲಲಿ.”

ಉಳವಪ್ಪ ನನ್ನ ಕಡೆ ನೋಡಿದ. ಇವರಿಗೆ ನೀವಾದರೂ ಹೇಳಿ ಎಂಬ ನೋಟ. ಹೇಳಿ ಪ್ರಯೋಜನವಿಲ್ಲವೆಂದು ನನಗೆ ಗೊತ್ತಿತ್ತು. ಆದರೆ ತಿರುಗಿ ಹೋಗುವುದೂ ಇಲ್ಲವೆಂದು ಅಷ್ಟೇ ಗಟ್ಟಿಯಾಗಿ ಗೊತ್ತಿತ್ತು. ನಾನು ಹೊಲದ ಸುತ್ತ ನಡೆದೆ. ಅಡವಿಯ ಕಡೆ, ಹೊಲ ಮುಗಿಯುವಲ್ಲಿ, ಕೆಂಪು ಜಂಬಿಟ್ಟಿಗೆ ಕಲ್ಲಿನ ಹಾಸು ಮೊಣಕಾಲೆತ್ತರ ಎದ್ದು ನಿಂತಿತ್ತು. ಮೇಲೆ ಸಪಾಟು, ಒಂದು ಕಡೆ ಸ್ವಲ್ಪ ಇಳಿಜಾರು. ನಿನ್ನೆಯ ಮಳೆಯ ನೀರು ಅದರ ಮೇಲೆ ನಿಂತಿರಲಿಲ್ಲ.

“ಇಲ್ಲಿ,” ಎಂದು ಕೂಗಿದೆ.

“ಕಲ್ಲಿನಾಗ ಗೂಟ ಹೆಂಗ ಹೊಡೀತೀರಿ ಸಾವಕಾರ್ರ?” ಉಳವಪ್ಪ ನಕ್ಕ. “ನೆತ್ತಿಲೆ ಹೊಡೀತೀರೇನು?”

“ಗೂಟ ಬ್ಯಾಡ. ಕಲ್ಲಿಗೆ ಕಟ್ಟೂಣು.”

ಎಮ್ಮೆಯ ತಲೆಯಷ್ಟು ದೊಡ್ಡ ಕಲ್ಲುಗಳನ್ನು ಉರುಳಿಸಿ ತಂದೆವು. ನಾಲ್ಕನೆಯ ಕಲ್ಲಿನ ಹೊತ್ತಿಗೆ ಉಳವಪ್ಪ ದೂರ ನಿಲ್ಲಬೇಕೆಂಬುದನ್ನು ಮರೆತು ನನ್ನ ಭುಜಕ್ಕೆ ಭುಜ ಕೊಟ್ಟಿದ್ದ. ನೆನಪಾದಾಗ ಇಬ್ಬರೂ ನಿಂತೆವು. “ಆಗೂದ ಆಗಿ ಹೋತು, ನೂಕ್ರಿ,” ಅಂದ. ಎಂಟು ಹಗ್ಗ, ಎಂಟು ಕಲ್ಲು. ಈ ಸಲ ನಾನು ಹಗ್ಗಗಳನ್ನು ತಂತಿಯ ಹಾಗೆ ಬಿಗಿಯಲಿಲ್ಲ.

ಅವ್ವ ಒಳಗೆ ಚಾಪೆ ಹಾಸಿ, ಡಬ್ಬಿ ತೆರೆದು, ಬೂದಿ ಹರವಿ, ಸವರಿದಳು. ಅದರ ಒಂದು ಬದಿಗೆ ತಾನು ಕುಳಿತಳು, ಇನ್ನೊಂದು ಬದಿಗೆ ನಾವಿಬ್ಬರು. ಉಳವಪ್ಪ ಕಂಬಳಿಯ ಕೊಪ್ಪೆ ಹಾಕಿಕೊಂಡು ಬಾಗಿಲ ಹೊರಗೆ ಕುಕ್ಕರುಗಾಲಲ್ಲಿ ಕುಳಿತ.

ಮೂರು ಗಂಟೆಯ ಸುಮಾರಿಗೆ ಅಡವಿಯ ಕಡೆಯಿಂದ ಸದ್ದು ಬಂತು. ಮೊದಲು ಮರಗಳ ಮೇಲೆ, ಆಮೇಲೆ ಹೊಲದ ಮೇಲೆ, ಆಮೇಲೆ ನಮ್ಮ ತಲೆಯ ಮೇಲೆ. ಒಬ್ಬರ ಮಾತು ಒಬ್ಬರಿಗೆ ಕೇಳದಷ್ಟು. ನಾನು ಹೊರಗೆ ಹೋಗಿ ಎಂಟೂ ಹಗ್ಗ ಸಡಿಲಿಸಿ ಬಂದೆ. ಹಗ್ಗ ಕುಗ್ಗಿದಾಗ ಕಲ್ಲುಗಳು ಕೂದಲೆಳೆಯಷ್ಟು ಸರಿದು ನಿಂತವು, ಕೀಳುವಂಥದ್ದೇನೂ ಇರಲಿಲ್ಲ. ನೀರು ಹಾಸುಗಲ್ಲಿನ ಮೇಲೆ ನಮ್ಮನ್ನು ಬಳಸಿಕೊಂಡು ಇಳಿಜಾರಿಗೆ ಹರಿಯಿತು. ಸೂರಿನ ಬಟ್ಟೆ ಕಪ್ಪಾಗಿ, ಬಿಗಿದು, ಡೊಳ್ಳಿನಂತೆ ಮೊಳಗಿತು. ಬೂದಿ ಹರವಿದ ಹಾಗೇ ಇತ್ತು.

ಒಂದು ಗಂಟೆ ಕಳೆಯಿತು. ಮಳೆಯ ಜೋರು ಸ್ವಲ್ಪ ತಗ್ಗಿತು. ಅವ್ವನ ಕಣ್ಣು ಬೂದಿಯಿಂದ ಕದಲಿರಲಿಲ್ಲ.

“ಆವತ್ತ ನಿಮ್ಮಪ್ಪ ಮನಿ ಬಿಡೂದ ಬ್ಯಾಡ ಅಂದಿದ್ರು,” ಅಂದಳು.

ಏಳು ವರ್ಷದಲ್ಲಿ ಮೊದಲ ಸಲ. ಹೀರಾ ನನ್ನ ಹತ್ತಿರ ಸರಿದಳು.

“ನಾನಽ ಹಟಾ ಮಾಡಿ ಹೊರಡಿಸಿದೆ. ಮಕ್ಕಳ ಉಳೀಲಿ ಅಂತ. ಮನ್ಯಾಗ ಉಳದವರು, ನಮ್ಮ ಬಾಜೂ ಮನಿಯವರು, ಎಲ್ಲಾರೂ ಬದುಕಿದ್ರು. ಧನ್ಯಾಗ ಮಾತ್ರ ಆ ಗುಡಸಲದಾಗ ಒಣಾ ಜಾಗಾ ಸಿಗಲಿಲ್ಲ. ಈ ಮೂಲ್ಯಾಗ ಮಲಗಸಿದ್ರ ಇಲ್ಲಿ ಹನಿ. ಆ ಮೂಲಿಗೆ ಒಯ್ದ್ರ ಅಲ್ಲಿ ಹನಿ. ಬೆಳತನಕ ಹೊತ್ಕೊಂಡ ತಿರುಗಿದೆ.”

ನಾನು ತಲೆ ತಗ್ಗಿಸಲಾರದೆ ಮೇಲೆ ನೋಡಿದೆ. ನೋಡುತ್ತ, ಕೈಗೆ ಏನಾದರೂ ಕೆಲಸ ಬೇಕಾದವನಂತೆ, ಅಡ್ಡಗೋಲಿನ ಕೆಳಗೆ ಬಟ್ಟೆ ಎಷ್ಟು ಬಿಗಿದಿದೆಯೆಂದು ಬೆರಳಿನಿಂದ ಒತ್ತಿದೆ.

ಬೆರಳು ತೆಗೆದ ಜಾಗದಲ್ಲಿ ಒಂದು ಮಣಿ ಮೂಡಿತು. ಅದು ದಪ್ಪವಾಯಿತು. ನಾವೆಲ್ಲರೂ ಅದನ್ನೇ ನೋಡುತ್ತಿದ್ದೆವು. ಬಿತ್ತು. ಬೂದಿಯ ನಡುವೆ ಕಾಳಿನಷ್ಟು ದೊಡ್ಡ ಕುಳಿ ಬಿತ್ತು.

ಗುರುಪುತ್ರಪ್ಪ ನಗದೆ ಹೇಳಿದ ಎರಡು ಮಾತುಗಳಲ್ಲಿ ಒಂದನ್ನು ನಾನು ಹಿತ್ತಲಲ್ಲಿ ಮರೆತಿದ್ದೆ, ಇನ್ನೊಂದನ್ನು ಇಲ್ಲಿ.

“ಅಣ್ಣಾ ಮುಟ್ಟಿದ್ದಕ್ಕ ಬಿತ್ತವ್ವ!” ಹೀರಾ ಅರಚಿದಳು. “ಇಲ್ಲಂದ್ರ ಬೀಳತಿರಲಿಲ್ಲ! ನೀನಽ ನೋಡಿದ್ದಿ, ಒಂದ ತಾಸ ಬೀಳಲಿಲ್ಲ!”

“ಹೀರಾ,” ಅಂದೆ, “ಸುಮ್ಮನಿರು.” ಆಮೇಲೆ ಅವ್ವನಿಗೆ, “ಒಂದು ಬಿತ್ತವ್ವ. ತಪ್ಪು ನಂದು. ಆದ್ರ ಬಿದ್ದದ್ದು ಖರೇ.”

ಇನ್ನೊಂದು ಹನಿ, ಅದೇ ಕುಳಿಯೊಳಗೆ. ಮತ್ತೊಂದು, ಅಲ್ಲೇ. ದೂರದಲ್ಲಿ, ಅಡವಿಯ ತಿರುವಿನಲ್ಲಿ, ಸಂಜೆಯ ಗಾಡಿ ಸಿಳ್ಳು ಹಾಕಿತು. ಉಳವಪ್ಪ ಕೊಪ್ಪೆಯೊಳಗಿಂದ ಕತ್ತು ಚಾಚಿದ. ಸ್ಟೇಷನ್ನಿಗೆ ಹೊಲದಡ್ಡ ಹಾಯ್ದರೆ ಹತ್ತು ನಿಮಿಷ. ನಾನು ಗಂಟಿನ ಕಡೆ ಕೈ ಚಾಚಿದೆ.

ಅವ್ವ ಏಳಲಿಲ್ಲ. ಅವಳು ಬೂದಿಯ ಅಂಚಿನುದ್ದಕ್ಕೂ ನಿಧಾನವಾಗಿ ಕಣ್ಣಾಡಿಸುತ್ತಿದ್ದಳು. ತನ್ನ ಕಡೆಯ ಮೂಲೆ, ನನ್ನ ಕಡೆಯದು, ಹೀರಾಳ ಬೆನ್ನ ಹಿಂದಿನದು, ಬಾಗಿಲ ಬಳಿಯದು. ನಾಲ್ಕನ್ನೂ ನೋಡಿ, ಮತ್ತೆ ಮೊದಲಿನಿಂದ ನೋಡಿದಳು.

“ಒಂದಽ ಜಾಗಾದಾಗ ಬೀಳಾಕತ್ತೈತಿ,” ಅಂದಳು.

ಆ ಕುಳಿಯ ಕಡೆಗೆ ಇನ್ನಷ್ಟು ಬಗ್ಗಿದಳು.

“ಇದನ್ನ ಬಿಟ್ಟು ಮಲಗಾಕ ಬರತೈತಿ.” ತನಗೇ ಹೇಳಿಕೊಂಡ ಹಾಗಿತ್ತು. “ಎಲ್ಲಾ ಕಡೆ ಒಣಗೇ ಐತಿ.”

ಗಾಡಿ ಸ್ಟೇಷನ್ನಿನಲ್ಲಿ ನಿಂತಿತು. ಉಗಿ ಬಿಡುವ ಸದ್ದು ಮಳೆಯ ನಡುವೆಯೂ ಕೇಳುತ್ತಿತ್ತು. ಅವ್ವ ನನ್ನ ಕೈ ಸರಿಸಿ, ಗಂಟನ್ನು ತನ್ನ ಕಡೆ ಎಳೆದುಕೊಂಡು ಬಿಚ್ಚಿದಳು. ತಿಂಗಳಿಗೆ ಸಾಲುವಷ್ಟು ಬೇಳೆ, ನೀರು ಸೋಸುವ ಅರಿವೆ, ಜಪಮಣಿ, ಹೀರಾಳ ಅಷ್ಟೂ ಬಟ್ಟೆ, ನನ್ನ ಎರಡು ಪುಸ್ತಕ. ಎಲ್ಲದರ ಕೆಳಗಿನಿಂದ ಹಿತ್ತಾಳೆಯ ತಂಬಿಗೆ ತೆಗೆದು, ಬೂದಿಯ ಆ ಕುಳಿಯ ಮೇಲೆ ಇಟ್ಟಳು. ಮುಂದಿನ ಹನಿ ಅದರೊಳಗೆ ಟಣ್ ಎಂದು ಬಿತ್ತು.

ಹೀರಾ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಳು. ಗಾಡಿ ಹೊರಟಿತು, ಅದರ ಸದ್ದು ಖಾನಾಪುರದ ಕಡೆ ತೆಳ್ಳಗಾಗುತ್ತ ಹೋಯಿತು.

“ಹೊತ್ತ ಮುಳಗೂದರೊಳಗ ಊಟಾ ಆಗಬೇಕು,” ಅಂದಳು ಅವ್ವ. “ಕುಂತ ನೋಡತಿ ಏನ ಶಾಂತೂ? ಒಲಿಗೆ ಮೂರ ಕಲ್ಲ ತಾ. ಉಳವಪ್ಪ, ಒಣಾ ಕಟಗಿ ಇದ್ರ ಕೊಡಪಾ. ಝಾಡಿಸಿ ಕೊಡು, ಹುಳಾ ಇರತಾವ. ಮತ್ತ ಕೇಳ್ರಿ ಎಲ್ಲಾರೂ, ಇನ್ನ ಮ್ಯಾಲ ಯಾರೂ ಸೂರ ಮುಟ್ಟಬ್ಯಾಡ್ರಿ.”

ನಾನು ಮಳೆಗೆ ಇಳಿದೆ. ಮೊದಲು ಎಂಟೂ ಹಗ್ಗಗಳನ್ನು ಮುಟ್ಟಿ ನೋಡಿದೆ. ಆಮೇಲೆ ಒಂದೇ ಎತ್ತರದ ಮೂರು ಕಲ್ಲು ಹುಡುಕಲು ಹೊರಟೆ.